ಫೋನಿಗೆ ಹಾಕಿದ ಮೇಲೆ ಆಲ್ಬಮ್ ಚೂರುಚೂರು ಆಗೋದು ಯಾಕೆ?

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ನನ್ನ ಹಾಡುಗಳನ್ನೆಲ್ಲ ಆಲ್ಬಮ್‌ಗೊಂದು ಫೋಲ್ಡರ್ ಮಾಡಿ ಅಚ್ಚುಕಟ್ಟಾಗಿ ಇಟ್ಟಿದ್ದೇನೆ. ಫೋನಿಗೆ ಸಿಂಕ್ ಮಾಡಿದರೆ ಎಲ್ಲ ಕಲಸುಮೇಲೋಗರ. ಒಂದೇ ಆಲ್ಬಮ್ ಏಳೆಂಟು ಕಡೆ ಒಂದೊಂದು ಹಾಡಾಗಿ ಕಾಣುತ್ತದೆ. ಹಾಡುಗಳ ಕ್ರಮ ತಪ್ಪಿದೆ. ಕೆಲವಕ್ಕೆ ಬೇರೆ ಯಾವುದೋ ಆಲ್ಬಮ್‌ನ ಚಿತ್ರ ಬಂದಿದೆ. ಎಲ್ಲ ಅಳಿಸಿ ಮತ್ತೆ ಹಾಕಿದರೂ ಅದೇ ಕಥೆ. ಫೋನ್ ಕೆಟ್ಟಿದೆಯಾ? ಇದನ್ನು ಸರಿ ಮಾಡೋದು ಹೇಗೆ?

ಉತ್ತರ: ನಿಮ್ಮ ಫೋನ್ ಕೆಟ್ಟಿಲ್ಲ. ಸಿಂಕ್ ಕೂಡ ಸರಿಯಾಗಿಯೇ ಆಗಿದೆ. ತೊಂದರೆ ಇರುವುದು ಹಾಡಿನ ಫೈಲ್‌ಗಳ ಒಳಗೆ. ಅದು ಮೊದಲಿಂದಲೂ ಇತ್ತು. ಕಂಪ್ಯೂಟರ್‌ನಲ್ಲಿ ನೀವು ಫೋಲ್ಡರ್ ನೋಡುತ್ತಿದ್ದರಿಂದ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಫೋನಿನ ಮ್ಯೂಸಿಕ್ ಆಪ್‌ಗಳಲ್ಲಿ ಹೆಚ್ಚಿನವು ಫೋಲ್ಡರ್ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವು ಓದುವುದು ಟ್ಯಾಗ್. ಪ್ರತಿ ಹಾಡಿನ ಫೈಲ್ ಒಳಗೂ ಹಾಡಿನ ಹೆಸರು, ಹಾಡಿದವರು, ಆಲ್ಬಮ್, ಟ್ರ್ಯಾಕ್ ನಂಬರ್, ವರ್ಷ, ಮುಖಚಿತ್ರ ಎಲ್ಲ ಬರೆದಿಡುವ ಜಾಗ ಇರುತ್ತದೆ. ಡಬ್ಬಿಯ ಮೇಲೆ ಅಂಟಿಸಿದ ಚೀಟಿ ಇದ್ದಂತೆ. ನೀವು ಡಬ್ಬಿಗಳನ್ನು ಎಷ್ಟೇ ಸಾಲಾಗಿ ಜೋಡಿಸಿಡಿ, ಫೋನ್ ಚೀಟಿ ಓದಿ ತನ್ನದೇ ರೀತಿಯಲ್ಲಿ ಮತ್ತೆ ಜೋಡಿಸುತ್ತದೆ. ಹತ್ತು ಹಾಡಿನ ಚೀಟಿಯಲ್ಲಿ ಹತ್ತು ಥರ ಬರೆದಿದ್ದರೆ ಹತ್ತು ಆಲ್ಬಮ್ ಆಗುತ್ತದೆ.

ಹಾಗಾಗಿ ಅಳಿಸಿ ಮತ್ತೆ ಹಾಕಿದರೆ ಏನೂ ಬದಲಾಗುವುದಿಲ್ಲ. ಅದೇ ಫೈಲ್, ಅದೇ ಟ್ಯಾಗ್, ಅದೇ ಫಲ. ಫೋನಿನಲ್ಲೇ ಕೂತು ಒಂದೊಂದಾಗಿ ತಿದ್ದಲೂ ಹೋಗಬೇಡಿ. ಮುಂದಿನ ಸಿಂಕ್‌ನಲ್ಲಿ ಕಂಪ್ಯೂಟರ್‌ನ ತಪ್ಪು ಟ್ಯಾಗ್ ಮತ್ತೆ ಬಂದು ಕೂರುತ್ತದೆ. ತಿದ್ದುವುದಿದ್ದರೆ ಕಂಪ್ಯೂಟರ್‌ನಲ್ಲೇ ತಿದ್ದಬೇಕು, ಆಮೇಲೆ ಫೋನಿಗೆ ಕಳಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆಲ್ಬಮ್ ಒಡೆದುಹೋಗುವುದಕ್ಕೆ ಬಹಳಷ್ಟು ಸಲ ಒಂದೇ ಕಾರಣ ಇರುತ್ತದೆ: ಆಲ್ಬಮ್ ಆರ್ಟಿಸ್ಟ್ ಅನ್ನುವ ಜಾಗ ಖಾಲಿ ಇರುವುದು. ಟ್ಯಾಗ್‌ನಲ್ಲಿ ಆರ್ಟಿಸ್ಟ್ ಬೇರೆ, ಆಲ್ಬಮ್ ಆರ್ಟಿಸ್ಟ್ ಬೇರೆ. ಆರ್ಟಿಸ್ಟ್ ಅಂದರೆ ಆ ಒಂದು ಹಾಡು ಹಾಡಿದವರು. ಆಲ್ಬಮ್ ಆರ್ಟಿಸ್ಟ್ ಅಂದರೆ ಇಡೀ ಆಲ್ಬಮ್ ಯಾರ ಹೆಸರಿನಲ್ಲಿದೆಯೋ ಅವರು. ಸಿನಿಮಾ ಹಾಡುಗಳ ಆಲ್ಬಮ್ ತೆಗೆದುಕೊಳ್ಳಿ. ಒಂದು ಹಾಡು ಒಬ್ಬ ಗಾಯಕರದು, ಇನ್ನೊಂದು ಯುಗಳ ಗೀತೆ, ಮೂರನೆಯದು ವಾದ್ಯ ಸಂಗೀತ. ಆರ್ಟಿಸ್ಟ್ ಜಾಗದಲ್ಲಿ ಮೂರು ಬೇರೆ ಹೆಸರು ಇರುವುದೇ ಸರಿ. ಆದರೆ ಆಲ್ಬಮ್ ಆರ್ಟಿಸ್ಟ್ ಖಾಲಿ ಇದ್ದರೆ ಆಪ್ ಏನು ಮಾಡಬೇಕು? ತುಂಬಾ ಆಪ್‌ಗಳು ಆಗ ಆರ್ಟಿಸ್ಟ್ ಹೆಸರನ್ನೇ ಹಿಡಿದು ಗುಂಪು ಮಾಡುತ್ತವೆ. ಮೂರು ಹೆಸರು, ಮೂರು ಆಲ್ಬಮ್. ಒಬ್ಬರೇ ಹಾಡಿದ ಆಲ್ಬಮ್‌ನಲ್ಲೂ ಒಂದೆರಡು ಹಾಡಿಗೆ ಅತಿಥಿ ಗಾಯಕರ ಹೆಸರು ಸೇರಿದ್ದರೆ ಆ ಒಂದೆರಡು ಹಾಡು ಮಾತ್ರ ಹೊರಗೆ ಹೋಗಿ ನಿಲ್ಲುತ್ತವೆ.

ಮತ್ತೆ ಕೆಲವು ಕಡೆ ಖಾಲಿ ಇದ್ದರೂ ಸರಿಯಾಗಿ ಕಾಣುತ್ತದಲ್ಲ ಅಂತ ನೀವು ಕೇಳಬಹುದು. ಹೌದು. ಹಳೆಯ ಆಂಡ್ರಾಯ್ಡ್‌ನಲ್ಲಿ ಆಲ್ಬಮ್ ಆರ್ಟಿಸ್ಟ್ ಇಲ್ಲದಿದ್ದರೆ ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅಂತ ನೋಡಿ ಗುಂಪು ಮಾಡುತ್ತಿದ್ದರು. ಹಾಗಾಗಿಯೇ ಹಳೇ ಫೋನಿನಲ್ಲಿ ಚೆನ್ನಾಗಿದ್ದ ಹಾಡುಗಳು ಹೊಸ ಫೋನಿಗೆ ಬಂದಾಗ ಒಡೆದು ಹೋಗಬಹುದು. ಫೈಲ್ ಬದಲಾಗಿಲ್ಲ. ಅದನ್ನು ಓದುವ ರೀತಿ ಬದಲಾಗಿದೆ.

ಈ ಗೊಂದಲ ಹುಟ್ಟಿದ್ದು ಎಂಪಿ3 ಟ್ಯಾಗ್ ಬೆಳೆದುಬಂದ ರೀತಿಯಿಂದ. 1996ರಲ್ಲಿ ಬಂದ ಮೊದಲ ಐಡಿ3 ಟ್ಯಾಗ್ ಫೈಲ್‌ನ ಕೊನೆಯಲ್ಲಿ ಬರೀ 128 ಬೈಟ್ ಜಾಗ ತೆಗೆದುಕೊಳ್ಳುತ್ತಿತ್ತು. ಹಾಡಿನ ಹೆಸರಿಗೆ 30 ಬೈಟ್, ಗಾಯಕರಿಗೆ 30, ಆಲ್ಬಮ್‌ಗೆ 30. ಉದ್ದದ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತಿತ್ತು. ಆಲ್ಬಮ್ ಆರ್ಟಿಸ್ಟ್ ಅನ್ನುವ ಜಾಗವೇ ಇರಲಿಲ್ಲ. 1998ರಲ್ಲಿ ಎರಡನೆಯ ಆವೃತ್ತಿ ಬಂತು. ಇದು ಫೈಲ್‌ನ ಶುರುವಿನಲ್ಲಿ ಕೂರುತ್ತದೆ, ಚಿತ್ರವನ್ನೂ ಹಿಡಿಸುತ್ತದೆ. ಆದರೆ ಅದರಲ್ಲೂ ಆಲ್ಬಮ್ ಆರ್ಟಿಸ್ಟ್‌ಗೆ ಅಂತ ಪ್ರತ್ಯೇಕ ಜಾಗ ಇಡಲಿಲ್ಲ. ವಾದ್ಯವೃಂದದ ಹೆಸರಿಗೆ ಇಟ್ಟಿದ್ದ ಜಾಗವನ್ನೇ ಪ್ಲೇಯರ್‌ಗಳು ಆಲ್ಬಮ್ ಆರ್ಟಿಸ್ಟ್ ಅಂತ ಬಳಸಲು ಶುರು ಮಾಡಿದವು, ಅದೇ ರೂಢಿಯಾಯಿತು. ಒಂದೇ ಎಂಪಿ3 ಫೈಲ್‌ನಲ್ಲಿ ಹಳೆಯ ಟ್ಯಾಗ್ ಕೊನೆಯಲ್ಲಿ, ಹೊಸದು ಶುರುವಿನಲ್ಲಿ, ಹೀಗೆ ಎರಡೂ ಇರಬಹುದು. ಎರಡರಲ್ಲಿ ಬೇರೆ ಬೇರೆ ಮಾಹಿತಿಯೂ ಇರಬಹುದು. ಕಂಪ್ಯೂಟರ್ ಒಂದನ್ನು ಓದುತ್ತದೆ, ಫೋನ್ ಇನ್ನೊಂದನ್ನು ಓದುತ್ತದೆ. ಅಲ್ಲಿ ಸರಿ, ಇಲ್ಲಿ ತಪ್ಪು ಅಂತ ಕಾಣುವುದಕ್ಕೆ ಇದೂ ಒಂದು ಕಾರಣ.

ಕೆಲಸ ಶುರು ಮಾಡುವ ಮೊದಲು ಹಾಡುಗಳ ಫೋಲ್ಡರ್‌ನ ಒಂದು ಪ್ರತಿ ಬೇರೆ ಡಿಸ್ಕ್‌ಗೆ ಹಾಕಿಡಿ. ಇದನ್ನು ಬಿಡಲೇಬೇಡಿ. ನೂರಾರು ಫೈಲ್ ಒಟ್ಟಿಗೆ ತಿದ್ದುವಾಗ ಒಂದು ತಪ್ಪು ಗುಂಡಿ ಒತ್ತಿದರೆ ಎಲ್ಲ ಹಾಡಿಗೂ ಒಂದೇ ಹೆಸರು ಬಂದುಬಿಡುತ್ತದೆ. ಆಮೇಲೆ ಒಂದೇ ಒಂದು ಒಡೆದ ಆಲ್ಬಮ್ ಆರಿಸಿಕೊಳ್ಳಿ. ಅದನ್ನು ಪೂರ್ತಿ ಸರಿ ಮಾಡಿ, ಫೋನಿನಲ್ಲಿ ನೋಡಿ, ಸಮಾಧಾನವಾದ ಮೇಲೆ ಉಳಿದವಕ್ಕೆ ಕೈ ಹಾಕಿ.

ವಿಂಡೋಸ್‌ನಲ್ಲಿ ನಾನು ಹೇಳುವುದು ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್. ವಿಂಡೋಸ್‌ಗೆ ಅದು ಉಚಿತ. ಮ್ಯಾಕ್ ಆವೃತ್ತಿಗೆ ದುಡ್ಡು ಕೊಡಬೇಕು. ಹೆಸರಿನಲ್ಲಿ ಎಂಪಿ3 ಅಂತಿದ್ದರೂ ಎಂ4ಎ, ಫ್ಲ್ಯಾಕ್ ಥರದ ಬೇರೆ ಬಗೆಯ ಹಾಡಿನ ಫೈಲ್‌ಗಳನ್ನೂ ತಿದ್ದುತ್ತದೆ. ಲಿನಕ್ಸ್‌ನವರಿಗೆ ಕಿಡ್3 ಇದೆ, ಅದು ಮ್ಯಾಕ್, ವಿಂಡೋಸ್‌ನಲ್ಲೂ ಓಡುತ್ತದೆ.

ಎಂಪಿ3ಟ್ಯಾಗ್‌ನಲ್ಲಿ ಆಲ್ಬಮ್‌ನ ಫೋಲ್ಡರ್ ತೆರೆದು ಎಲ್ಲ ಹಾಡುಗಳನ್ನೂ ಒಟ್ಟಿಗೆ ಆರಿಸಿ. ಈಗ ಎಡಗಡೆಯ ಪಟ್ಟಿ ನಿಧಾನವಾಗಿ ನೋಡಿ. ಆರಿಸಿದ ಎಲ್ಲ ಹಾಡಿಗೂ ಒಂದೇ ಮಾಹಿತಿ ಇದ್ದರೆ ಆ ಮಾಹಿತಿಯೇ ಕಾಣುತ್ತದೆ. ಹಾಡಿನಿಂದ ಹಾಡಿಗೆ ಬೇರೆ ಇದ್ದರೆ ಅಲ್ಲಿ ‘ಕೀಪ್’ (keep) ಅಂತ ಕಾಣುತ್ತದೆ. ಹಾಡಿನ ಹೆಸರು, ಟ್ರ್ಯಾಕ್ ನಂಬರ್ ಮುಂದೆ ‘ಕೀಪ್’ ಇರಲೇಬೇಕು. ಆರ್ಟಿಸ್ಟ್ ಮುಂದೆ ಇದ್ದರೂ ಪರವಾಗಿಲ್ಲ. ಆದರೆ ಆಲ್ಬಮ್ ಅನ್ನುವ ಜಾಗದ ಮುಂದೆ ‘ಕೀಪ್’ ಕಂಡರೆ ಕಳ್ಳ ಸಿಕ್ಕಿಬಿದ್ದ ಅಂತಲೇ ಅರ್ಥ. ಎಲ್ಲ ಹಾಡಿನ ಆಲ್ಬಮ್ ಹೆಸರು ಒಂದೇ ಅಂತ ನಿಮ್ಮ ಕಣ್ಣಿಗೆ ಕಾಣುತ್ತಿದೆ, ಕಂಪ್ಯೂಟರ್‌ಗೆ ಹಾಗೆ ಕಾಣುತ್ತಿಲ್ಲ.

ಏನು ವ್ಯತ್ಯಾಸ ಇರಬಹುದು? ಒಂದು ಹಾಡಿನ ಆಲ್ಬಮ್ ಹೆಸರಿನ ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಉಳಿದಿರಬಹುದು. ಒಂದರಲ್ಲಿ ಸಾಮಾನ್ಯ ಕೋಟ್ ಗುರುತು, ಇನ್ನೊಂದರಲ್ಲಿ ಬಾಗಿದ ಕೋಟ್ ಗುರುತು ಇರಬಹುದು. ಹೆಸರಿನ ಮುಂದೆ ಆವರಣದಲ್ಲಿ ‘ಡಿಲಕ್ಸ್’ ಅಂತ ಮೂರು ಹಾಡಿಗೆ ಮಾತ್ರ ಸೇರಿರಬಹುದು. ಕನ್ನಡದಲ್ಲಿ ಬರೆದ ಹೆಸರಾದರೆ ಇನ್ನೂ ಸೂಕ್ಷ್ಮ. ‘ಕೊ’ ಅಕ್ಷರದ ಒತ್ವ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಎಲ್ಲ ಭಾಷೆಯ ಅಕ್ಷರಗಳನ್ನು ಉಳಿಸಿಡುವ ಪದ್ಧತಿ) ಒಂದೇ ಚಿಹ್ನೆಯಾಗಿಯೂ ಇರಬಹುದು, ಎತ್ವ ಮತ್ತು ಊತ್ವ ಸೇರಿದ ಎರಡು ಚಿಹ್ನೆಯಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಒತ್ತಕ್ಷರ ಬಿಡಿಸಲು ಅಥವಾ ಕೂಡಿಸಲು ಹಾಕುವ ಕಣ್ಣಿಗೆ ಕಾಣದ ಚಿಹ್ನೆಗಳೂ ಹೀಗೇ ಕಾಟ ಕೊಡುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಗಂಟೆಗಟ್ಟಲೆ ನೋಡಿದರೂ ಗೊತ್ತಾಗುವುದಿಲ್ಲ. ಹುಡುಕುತ್ತಾ ಕೂರಬೇಡಿ. ‘ಕೀಪ್’ ಅಳಿಸಿ, ಆಲ್ಬಮ್ ಹೆಸರನ್ನು ಹೊಸದಾಗಿ ಒಂದೇ ಸಲ ಟೈಪ್ ಮಾಡಿ, ಎಲ್ಲಕ್ಕೂ ಸೇರಿಸಿ ಸೇವ್ ಮಾಡಿ. ಅಷ್ಟಕ್ಕೇ ಎಲ್ಲ ಹಾಡಿಗೂ ಅಕ್ಷರ ಅಕ್ಷರ ಒಂದೇ ಹೆಸರು ಬರುತ್ತದೆ.

ಹಾಗೆಯೇ ಆಲ್ಬಮ್ ಆರ್ಟಿಸ್ಟ್ ಜಾಗಕ್ಕೂ ಒಂದೇ ಹೆಸರು ಟೈಪ್ ಮಾಡಿ ಸೇವ್ ಮಾಡಿ. ಯಾವ ಹೆಸರು? ಒಬ್ಬರ ಆಲ್ಬಮ್ ಆದರೆ ಅವರ ಹೆಸರು, ಅತಿಥಿಗಳನ್ನು ಬಿಟ್ಟು. ಸಿನಿಮಾ ಹಾಡಾದರೆ ಸಂಗೀತ ನಿರ್ದೇಶಕರ ಹೆಸರು ಹಾಕಿ ಅನ್ನುವುದು ನನ್ನ ಸಲಹೆ. ಹಲವರು ‘ವಿವಿಧ ಗಾಯಕರು’ ಅಂತ ಹಾಕುತ್ತಾರೆ, ತಪ್ಪೇನಿಲ್ಲ. ಆದರೆ ಎಲ್ಲ ಆಲ್ಬಮ್‌ಗೂ ಅದನ್ನೇ ಹಾಕುತ್ತಾ ಹೋದರೆ ತಿರುಗಾಮುರುಗಾ ತೊಂದರೆ ಶುರುವಾಗುತ್ತದೆ. ‘ಹಿಟ್ಸ್’, ‘ಭಾವಗೀತೆಗಳು’ ಅನ್ನುವಂಥ ಸಾಮಾನ್ಯ ಹೆಸರಿನ ಎರಡು ಬೇರೆ ಆಲ್ಬಮ್‌ಗಳಿಗೆ ಆಲ್ಬಮ್ ಆರ್ಟಿಸ್ಟ್ ಕೂಡ ಒಂದೇ ಆದರೆ ಫೋನ್ ಅವೆರಡನ್ನೂ ಒಂದೇ ಆಲ್ಬಮ್ ಮಾಡಿಬಿಡುತ್ತದೆ. ನಿಮಗೆ ಬೇರೆ ಆಲ್ಬಮ್‌ನ ಚಿತ್ರ ಕಾಣುತ್ತಿದೆ ಅಂದಿರಲ್ಲ, ಅದರ ಹಿಂದೆಯೂ ಇದೇ ಇರುವ ಸಾಧ್ಯತೆ ಜಾಸ್ತಿ. ಎರಡು ಆಲ್ಬಮ್ ಬೆರೆತಾಗ ಆಪ್ ಒಂದೇ ಚಿತ್ರವನ್ನು ಎರಡಕ್ಕೂ ಹಂಚುತ್ತದೆ.

ಕಂಪೈಲೇಶನ್ ಅನ್ನುವ ಗುರುತು ಒಂದಿದೆ. ಹಲವರು ಹಾಡಿದ ಸಂಗ್ರಹ ಅಂತ ಹೇಳುವ ಹೌದು-ಅಲ್ಲ ಗುರುತು ಅದು. ಇದನ್ನು ಹಾಕಿದರೆ ಎಲ್ಲ ಹಾಡಿಗೂ ಹಾಕಬೇಕು. ಅರ್ಧ ಹಾಡಿಗೆ ಇದ್ದು ಅರ್ಧಕ್ಕೆ ಇಲ್ಲದಿದ್ದರೆ ಆಲ್ಬಮ್ ಸರಿಯಾಗಿ ಎರಡು ಹೋಳಾಗುತ್ತದೆ. ಆಲ್ಬಮ್ ಆರ್ಟಿಸ್ಟ್ ತುಂಬಿದ್ದರೆ ಇದರ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ವರ್ಷವನ್ನೂ ಒಂದೇ ಮಾಡಿಬಿಡಿ. ಕೆಲವು ಆಪ್‌ಗಳು ವರ್ಷ ಬೇರೆ ಇದ್ದರೂ ಆಲ್ಬಮ್ ಒಡೆಯುತ್ತವೆ.

ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಲು ಮನಸ್ಸಿಲ್ಲದಿದ್ದರೆ ವಿಂಡೋಸ್‌ನಲ್ಲೇ ಹಾಡುಗಳನ್ನು ಆರಿಸಿ, ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್‌ಗೆ ಹೋದರೂ ಆಲ್ಬಮ್ ಆರ್ಟಿಸ್ಟ್ ತುಂಬಬಹುದು. ಒಂದೆರಡು ಆಲ್ಬಮ್‌ಗೆ ಇದು ಸಾಕು.

ಇನ್ನು ಹಾಡುಗಳ ಕ್ರಮ. ಟ್ರ್ಯಾಕ್ ನಂಬರ್ ಖಾಲಿ ಇದ್ದರೆ ಆಪ್ ಅಕ್ಷರಮಾಲೆಯ ಪ್ರಕಾರ ಜೋಡಿಸುತ್ತದೆ. ಫೈಲ್ ಹೆಸರಿನ ಶುರುವಿನಲ್ಲಿ ನೀವು ನಂಬರ್ ಹಾಕಿದ್ದರೂ ಟ್ಯಾಗ್ ಓದುವ ಆಪ್‌ಗೆ ಅದು ಬೇಡ. ಫೈಲ್ ಹೆಸರು ಓದುವ ಪ್ಲೇಯರ್‌ನಲ್ಲಿ 1 ಆದ ಮೇಲೆ 10, 11 ಬಂದು ಆಮೇಲೆ 2 ಬರುವುದೂ ಉಂಟು. ಅದಕ್ಕೇ ಅಲ್ಲಿ 01, 02 ಅಂತ ಬರೆಯಬೇಕು. ಎಂಪಿ3ಟ್ಯಾಗ್‌ನಲ್ಲಿ ಹಾಡುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ, ಆಟೋ ನಂಬರಿಂಗ್ ಒತ್ತಿದರೆ ಎಲ್ಲಕ್ಕೂ ನಂಬರ್ ಬೀಳುತ್ತದೆ. ಫೈಲ್ ಹೆಸರಿನಲ್ಲಿರುವ ನಂಬರ್, ಹಾಡಿನ ಹೆಸರನ್ನು ಟ್ಯಾಗ್‌ಗೆ ಒಯ್ಯುವ ಕನ್ವರ್ಟರ್ ಕೂಡ ಅದರಲ್ಲಿದೆ. ನಿಮ್ಮ ಫೋಲ್ಡರ್‌ಗಳು ಅಚ್ಚುಕಟ್ಟಾಗಿವೆ ಅಂದಿರಲ್ಲ, ನಿಮ್ಮ ಆ ಶ್ರಮ ವ್ಯರ್ಥವಾಗಿಲ್ಲ. ಅದನ್ನೇ ಟ್ಯಾಗ್ ಮಾಡಿಸಿಕೊಳ್ಳಬಹುದು.

ಎರಡು ಡಿಸ್ಕ್‌ನ ಆಲ್ಬಮ್ ಇದ್ದರೆ ಇನ್ನೊಂದು ಎಚ್ಚರಿಕೆ. ಆಲ್ಬಮ್ ಹೆಸರಿನ ಜೊತೆ ‘ಡಿಸ್ಕ್ 1’, ‘ಡಿಸ್ಕ್ 2’ ಅಂತ ಬರೆದರೆ ಎರಡು ಆಲ್ಬಮ್ ಆಗುತ್ತದೆ. ಬರೆಯದೆ ಸುಮ್ನೆ ಒಂದೇ ಹೆಸರು ಕೊಟ್ಟರೆ ಮೊದಲ ಹಾಡು ಎರಡು, ಎರಡನೆಯ ಹಾಡು ಎರಡು, ಹೀಗೆ ಹೆಣೆದುಕೊಂಡು ಬರುತ್ತವೆ. ಹೆಸರು ಒಂದೇ ಇಟ್ಟು, ಡಿಸ್ಕ್ ನಂಬರ್ ಅನ್ನುವ ಪ್ರತ್ಯೇಕ ಜಾಗದಲ್ಲಿ 1, 2 ತುಂಬಿ.

ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ ಹಳೆಯ ಐಡಿ3 ಆವೃತ್ತಿಯೇ ಕಾರಣ ಇರಬಹುದು. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಎಂಪಿ3ಟ್ಯಾಗ್‌ನ ಆಯ್ಕೆಗಳಲ್ಲಿ ಐಡಿ3ವಿ2.3, ಯುಟಿಎಫ್-16 ಅಂತ ಇಟ್ಟುಕೊಂಡು ಸೇವ್ ಮಾಡಿ. 2.4 ಇನ್ನೂ ಹೊಸದು, ಆದರೆ 2.3 ಓದಲು ಬಾರದ ಪ್ಲೇಯರ್ ಸಿಗುವುದು ಅಪರೂಪ. ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಬದಲಿಸಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು.

ನಿಮ್ಮ ಹತ್ತಿರ ಸಾವಿರಾರು ಹಾಡು ಇದ್ದರೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ನೋಡಿ. ಉಚಿತ. ಹಾಡಿನ ದನಿಯ ಗುರುತು ಹಿಡಿದು ಅಂತರ್ಜಾಲದ ಮಾಹಿತಿ ಭಂಡಾರದಿಂದ ಟ್ಯಾಗ್ ತಂದು ತುಂಬುತ್ತದೆ. ಒಳ್ಳೆಯ ಸಾಧನ, ಆದರೆ ಕಣ್ಣುಮುಚ್ಚಿ ಬಳಸಬೇಡಿ. ಒಂದೇ ಹಾಡು ಮೂಲ ಆಲ್ಬಮ್‌ನಲ್ಲೂ ಇರುತ್ತದೆ, ಆಮೇಲೆ ಬಂದ ಹತ್ತು ಸಂಗ್ರಹಗಳಲ್ಲೂ ಇರುತ್ತದೆ. ಹಾಡುಗಳನ್ನು ಬಿಡಿಬಿಡಿಯಾಗಿ ಸ್ಕ್ಯಾನ್ ಮಾಡಿಸಿದರೆ ಒಂದೊಂದು ಹಾಡು ಒಂದೊಂದು ಸಂಗ್ರಹಕ್ಕೆ ಹೋಗಿ ಸೇರಿ, ಸರಿಯಿದ್ದ ಆಲ್ಬಮ್ ಕೂಡ ಒಡೆಯುತ್ತದೆ. ಮೊದಲು ಕ್ಲಸ್ಟರ್ ಒತ್ತಿ ಆಲ್ಬಮ್ ಪ್ರಕಾರ ಗುಂಪು ಮಾಡಿ, ಆಮೇಲೆ ಲುಕಪ್ ಒತ್ತಿ. ಬಲಗಡೆ ಪೂರ್ತಿ ಆಲ್ಬಮ್ ಹೊಂದಿಕೊಂಡಿದೆಯಾ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಸೇವ್ ಮಾಡಿ.

ಚಿತ್ರದ ಬಗ್ಗೆ ಒಂದು ಮಾತು. ಕೆಲವು ಪ್ಲೇಯರ್‌ಗಳು ಆಲ್ಬಮ್‌ನ ಚಿತ್ರವನ್ನು ಹಾಡಿನ ಫೈಲ್ ಒಳಗೆ ಹಾಕದೆ ತಮ್ಮ ಲೈಬ್ರರಿಯಲ್ಲಿ ಬೇರೆ ಇಟ್ಟುಕೊಳ್ಳುತ್ತವೆ. ಆಪಲ್‌ನ ಐಟ್ಯೂನ್ಸ್ ತಾನೇ ಹುಡುಕಿ ತಂದ ಚಿತ್ರಗಳು ಹೀಗೆಯೇ. ಫೈಲ್ ಮಾತ್ರ ಫೋನಿಗೆ ಹೋದರೆ ಚಿತ್ರ ಹಿಂದೆಯೇ ಉಳಿಯುತ್ತದೆ. ಎಂಪಿ3ಟ್ಯಾಗ್‌ನ ಎಡಪಟ್ಟಿಯ ಕೆಳಗಿನ ಚೌಕಕ್ಕೆ ಒಂದು ಜೆಪೆಗ್ ಚಿತ್ರ ಎಳೆದು ಹಾಕಿ ಸೇವ್ ಮಾಡಿದರೆ ಅದು ಎಲ್ಲ ಹಾಡಿನ ಒಳಗೂ ಸೇರುತ್ತದೆ. 600ರಿಂದ 1000 ಪಿಕ್ಸೆಲ್ ಅಗಲ ಸಾಕು. ದೊಡ್ಡ ಚಿತ್ರ ಪ್ರತಿ ಹಾಡಿನಲ್ಲೂ ಕೂತು ಸುಮ್ನೆ ಜಾಗ ತಿನ್ನುತ್ತದೆ. ಬೇರೆ ಬೇರೆ ಆಲ್ಬಮ್‌ನ ಹಾಡುಗಳನ್ನು ಒಂದೇ ಫೋಲ್ಡರ್‌ಗೆ ಸುರಿದಿದ್ದರೆ ಅಲ್ಲಿರುವ ಒಂದು ಚಿತ್ರವನ್ನೇ ಎಲ್ಲಕ್ಕೂ ಹಚ್ಚುವ ಆಪ್‌ಗಳಿವೆ, ಅದನ್ನೂ ನೋಡಿಕೊಳ್ಳಿ.

ಟ್ಯಾಗ್ ಸರಿಯಾಯಿತು. ಈಗ ಫೋನಿಗೆ ಕಳಿಸುವಾಗ ತುಂಬಾ ಜನ ಎಡವುವ ಒಂದು ಜಾಗ ಇದೆ. ಎಂಪಿ3 ಫೈಲ್‌ನ ಟ್ಯಾಗ್‌ನಲ್ಲಿ ಮುಂದೆ ಬೇಕಾಗಬಹುದು ಅಂತ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ನೀವು ತಿದ್ದಿದ ಹೆಸರು ಆ ಖಾಲಿ ಜಾಗದಲ್ಲೇ ಹಿಡಿಸಿದರೆ ಫೈಲ್‌ನ ಗಾತ್ರ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ಬರೀ ಗಾತ್ರ ನೋಡಿ ಹೋಲಿಸುವ ಸಿಂಕ್ ಸಾಫ್ಟ್‌ವೇರ್ ಆಗ ‘ಇದು ಫೋನಿನಲ್ಲಿ ಈಗಾಗಲೇ ಇದೆ’ ಅಂದುಕೊಂಡು ಬಿಟ್ಟುಬಿಡುತ್ತದೆ. ಫೋನಿನಲ್ಲಿ ಹಳೇ ಫೈಲೇ ಉಳಿಯುತ್ತದೆ. ನೀವು ‘ಅಷ್ಟು ಕಷ್ಟಪಟ್ಟು ತಿದ್ದಿದರೂ ಏನೂ ಆಗಲಿಲ್ಲ’ ಅಂತ ಬೇಜಾರಾಗುತ್ತೀರಿ. ಆದ್ದರಿಂದ ತಿದ್ದಿದ ಆಲ್ಬಮ್ ಅನ್ನು ಫೋನಿನಿಂದ ಮೊದಲು ಅಳಿಸಿ, ಆಮೇಲೆ ಹೊಸದಾಗಿ ಕಳಿಸಿ. ಈ ಸಲ ಅಳಿಸಿ ಹಾಕುವುದಕ್ಕೆ ಅರ್ಥ ಇದೆ, ಯಾಕಂದರೆ ಒಳಗಿನ ಟ್ಯಾಗ್ ಬದಲಾಗಿದೆ.

ಆಂಡ್ರಾಯ್ಡ್ ಫೋನ್ ತನ್ನಲ್ಲಿರುವ ಹಾಡುಗಳ ಪಟ್ಟಿಯೊಂದನ್ನು ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಅದು ತಕ್ಷಣ ಬದಲಾಗದೇ ಇರಬಹುದು. ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಪ್‌ನ ಸೆಟ್ಟಿಂಗ್‌ನಲ್ಲಿ ರೀಸ್ಕ್ಯಾನ್ ಇದ್ದರೆ ಒತ್ತಿ. ಹಾಡು ಕಾಣಲೇ ಇಲ್ಲ ಅಂದರೆ ಆ ಫೋಲ್ಡರ್‌ನಲ್ಲಿ ಡಾಟ್ ನೋಮೀಡಿಯಾ (.nomedia) ಅನ್ನುವ ಖಾಲಿ ಫೈಲ್ ಇದೆಯಾ ನೋಡಿ. ಅದು ಇರುವ ಫೋಲ್ಡರ್ ಅನ್ನು ಫೋನ್ ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ.

ಐಫೋನ್ ಆದರೆ ದಾರಿ ಸ್ವಲ್ಪ ಬೇರೆ. ಅಲ್ಲಿ ಕಂಪ್ಯೂಟರ್‌ನ ಮ್ಯೂಸಿಕ್ ಆಪ್ ಅಥವಾ ಐಟ್ಯೂನ್ಸ್ ಲೈಬ್ರರಿಯಲ್ಲಿ ಏನಿದೆಯೋ ಅದು ಫೋನಿಗೆ ಹೋಗುತ್ತದೆ. ನೀವು ಹೊರಗಿನ ಸಾಫ್ಟ್‌ವೇರ್‌ನಿಂದ ಫೈಲ್ ತಿದ್ದಿದರೆ ಲೈಬ್ರರಿಗೆ ಅದು ಕೂಡಲೇ ಗೊತ್ತಾಗುವುದಿಲ್ಲ. ಹಾಗಾಗಿ ಲೈಬ್ರರಿಯಲ್ಲೇ ಆಲ್ಬಮ್‌ನ ಎಲ್ಲ ಹಾಡು ಆರಿಸಿ, ಗೆಟ್ ಇನ್ಫೋ ತೆರೆದು, ಆಲ್ಬಮ್ ಮತ್ತು ಆಲ್ಬಮ್ ಆರ್ಟಿಸ್ಟ್ ತುಂಬುವುದೇ ಸುಲಭ. ಅಲ್ಲಿ ಸಾರ್ಟಿಂಗ್ ಅನ್ನುವ ಇನ್ನೊಂದು ಪುಟ ಇದೆ. ಎಲ್ಲ ಸರಿ ಇದ್ದೂ ಆಲ್ಬಮ್ ಪಟ್ಟಿಯಲ್ಲಿ ವಿಚಿತ್ರ ಜಾಗದಲ್ಲಿ ಕಂಡರೆ ಆ ಪುಟದಲ್ಲಿ ಹಳೇ ಹೆಸರು ಉಳಿದಿದೆಯಾ ನೋಡಿ. 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದ ಈಚೆಗೆ ಮ್ಯಾಕ್‌ನಲ್ಲಿ ಐಟ್ಯೂನ್ಸ್ ಇಲ್ಲ, ಕೇಬಲ್ ಸಿಂಕ್ ಫೈಂಡರ್‌ನಲ್ಲಿ ಆಗುತ್ತದೆ. ಫೋನಿನಲ್ಲಿ ಸಿಂಕ್ ಲೈಬ್ರರಿ (ಅಂತರ್ಜಾಲದ ಮೂಲಕ ನಿಮ್ಮ ಹಾಡುಗಳನ್ನು ಎಲ್ಲ ಸಾಧನಗಳಿಗೂ ಹಂಚುವ ಸೆಟ್ಟಿಂಗ್) ಆನ್ ಇದ್ದರೆ ಕೇಬಲ್ ಮೂಲಕ ಹಾಡು ಸಿಂಕ್ ಆಗುವುದಿಲ್ಲ, ಅದನ್ನು ಮರೆಯಬೇಡಿ. ಬೇರೆ ಕಂಪ್ಯೂಟರ್‌ನ ಲೈಬ್ರರಿಗೆ ಸಿಂಕ್ ಮಾಡಲು ಹೊರಟರೆ ಮೊದಲು ಸಿಂಕ್ ಆಗಿದ್ದ ಹಾಡುಗಳನ್ನು ಅಳಿಸಲಾ ಅಂತ ಕೇಳುತ್ತದೆ. ಯೋಚಿಸದೆ ಹೌದು ಅನ್ನಬೇಡಿ.

ನಿಮ್ಮ ಹಾಡುಗಳಲ್ಲಿ ವೇವ್ ಫೈಲ್‌ಗಳು ಇದ್ದರೆ ಅವಕ್ಕೆ ಟ್ಯಾಗ್ ಸರಿಯಾಗಿ ನಿಲ್ಲುವುದಿಲ್ಲ. ಒಂದು ಪ್ಲೇಯರ್ ಬರೆದದ್ದನ್ನು ಎಷ್ಟೋ ಸಲ ಇನ್ನೊಂದು ಓದುವುದಿಲ್ಲ. ಆಂಡ್ರಾಯ್ಡ್ ಆದರೆ ಫ್ಲ್ಯಾಕ್‌ಗೆ ಬದಲಿಸಿ, ದನಿಯ ಗುಣಮಟ್ಟ ಒಂದಿಷ್ಟೂ ಕಡಿಮೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ಆಲ್ಬಮ್ ಹಠ ಹಿಡಿದರೆ ಫೋನಿಗೆ ಇನ್ನೊಂದು ಪ್ಲೇಯರ್ ಹಾಕಿ ನೋಡಿ, ಉದಾಹರಣೆಗೆ ವಿಎಲ್‌ಸಿ. ಅದರಲ್ಲಿ ಆಲ್ಬಮ್ ಕೂಡಿಕೊಂಡು ಕಂಡರೆ ನಿಮ್ಮ ಟ್ಯಾಗ್ ಸರಿಯಿದೆ, ಮೊದಲಿನ ಆಪ್ ಇಟ್ಟುಕೊಂಡ ಹಾಡುಗಳ ಪಟ್ಟಿ ಹಳೆಯದಾಗಿದೆ. ಆ ಆಪ್‌ನ ಡೇಟಾ ಅಳಿಸಿ ಮತ್ತೆ ತೆರೆಯಿರಿ. ಅದರಲ್ಲಿ ನೀವು ಮಾಡಿಟ್ಟ ಪ್ಲೇಲಿಸ್ಟ್ ಹೋಗಬಹುದು, ಮೊದಲೇ ಬೇರೆ ಕಡೆ ಉಳಿಸಿಕೊಳ್ಳಿ. ಎರಡರಲ್ಲೂ ಒಡೆದೇ ಕಂಡರೆ ಕಂಪ್ಯೂಟರ್‌ಗೆ ವಾಪಸ್ ಹೋಗಿ, ಆ ಆಲ್ಬಮ್ ಪೂರ್ತಿ ಆರಿಸಿ, ಎಡಪಟ್ಟಿಯಲ್ಲಿ ಎಲ್ಲೆಲ್ಲಿ ‘ಕೀಪ್’ ಇದೆ ಅಂತ ಮತ್ತೊಮ್ಮೆ ನೋಡಿ. ಆಲ್ಬಮ್, ಆಲ್ಬಮ್ ಆರ್ಟಿಸ್ಟ್, ವರ್ಷ, ಈ ಮೂರರಲ್ಲಿ ಒಂದರ ಮುಂದೆ ಅದು ಇನ್ನೂ ಉಳಿದಿರುವ ಸಾಧ್ಯತೆ ಜಾಸ್ತಿ.